ಮಬ್ರೂಕಾಳ ಕಳಚಿದ ಹಲ್ಲು

ಸ್ಫಾಕ್ಸ್ ಊರಿನ ಮಬ್ರೂಕಾ ಮದುವೆಗಳಲ್ಲಿ ಹಾಡಿಯೇ ಮನೆ ನಡೆಸುವವಳು. ಹಾಡಲೆಂದು ದೂರದ ಗಾಬೆಸ್‌ಗೆ ಬಂದವಳು ಮದುಮಗಳ ಮನೆಯಲ್ಲಿ ಬಾದಾಮಿ ಮಿಠಾಯಿ ಕಚ್ಚಿದಾಗ, ಕಟ್ಟಿಸಿಕೊಂಡಿದ್ದ ಮುಂದಿನ ಹಲ್ಲು ಕಳಚಿ ಅಂಗೈಗೆ ಬಿತ್ತು. ನಾಚಿಕೆಯಿಂದ ಬಾಯಿಗೆ ಶಾಲು ಅಡ್ಡ ಹಿಡಿದು, "ಗಂಟಲು ಕಟ್ಟಿದೆ, ಹಾಡೋಕಾಗಲ್ಲ" ಎಂದು ಸುಳ್ಳು ಹೇಳಿದಳು.

ಮದುಮಗಳ ತಾಯಿ ದೂಜಾ ಎಲ್ಲ ಕೆಲಸ ಬಿಟ್ಟು ಬಿಸಿನೀರಿಗೆ ಜೇನು ಬೆರೆಸಿ ತಂದಳು. "ಕುಡೀರಿ ಅಕ್ಕಾ, ನೀವು ಹಾಡದಿದ್ರೆ ಕೋಣೆಯಿಂದ ಹೊರಗೇ ಬರಲ್ಲ ಅಂತಿದಾಳೆ ನನ್ ಮಗಳು" ಎನ್ನುತ್ತ ಬೆನ್ನು ಸವರಿದಳು. ಮಬ್ರೂಕಾ ಲೋಟ ಕೆಳಗಿಟ್ಟಳು. ಮೆಲ್ಲನೆ ಮುಷ್ಟಿ ಬಿಚ್ಚಿ ಹಲ್ಲು ತೋರಿಸಿದಳು.

"ಅಯ್ಯೋ, ಇಷ್ಟಕ್ಕಾ! ನನ್ ಮೈದುನ ಹಲ್ಲಿನ ಡಾಕ್ಟ್ರು, ಅಂಗಳದಲ್ಲೇ ಕೂತಿದಾನೆ!"

ಮೈದುನ ಕ್ಲಿನಿಕ್ಕಿಗೆ ಕರೆದೊಯ್ದು ಹಲ್ಲು ಅಂಟಿಸಿಕೊಟ್ಟ. ಸಂಜೆ ಮಬ್ರೂಕಾ ಚೆನ್ನಾಗಿಯೇ ಹಾಡಿದಳು. ಆದರೆ ದೂಜಾಳ ಮುಖವನ್ನು ಮಾತ್ರ ತಲೆಯೆತ್ತಿ ನೋಡಲಾರದೆ ಹೋದಳು.