ಒರಳುಕಲ್ಲೂ ಪ್ರಧಾನ ಭಾಷಣವೂ

ಆ ದಿನ ಬೆಳಿಗ್ಗೆ ಎದ್ದು ನಾನು ಮಾಡಿದ ಮೊದಲ ಕೆಲಸ ಅಕ್ಕಿ, ಉದ್ದಿನಬೇಳೆ ನೆನೆಹಾಕಿದ್ದು. ಆಮೇಲೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಹಾಲು ಒಲೆಯ ಮೇಲಿಟ್ಟು, ಹಿತ್ತಲಿಗೆ ಹೋಗಿ ಒರಳುಕಲ್ಲನ್ನು ತೊಳೆದು ಅದರ ಮೇಲೊಂದು ಬಿದಿರಿನ ಬುಟ್ಟಿ ಕವುಚಿಟ್ಟೆ. ಬೇವಿನ ಎಲೆ ಉದುರುವ ಕಾಲ. ಬುಟ್ಟಿ ಮುಚ್ಚದಿದ್ದರೆ ಸಂಜೆ ರುಬ್ಬಲು ಕೂರುವ ಹೊತ್ತಿಗೆ ಒರಳಿನ ಗುಂಡಿಯ ತುಂಬ ಎಲೆ. ಇದೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳಿ, ಆ ಬುಟ್ಟಿಯ ಹತ್ತಿರ ಮತ್ತೆ ಬರಬೇಕಾಗುತ್ತದೆ.

ಇಂಥ ಸಂಗತಿಗಳನ್ನು ನಾನು ನಂಬಿದವಳೇ ಅಲ್ಲ. ಕಾನ್ವೆಂಟಿನಲ್ಲಿ ಓದುವಾಗ ಹುಡುಗಿಯರು ಹುಣಸೆಮರದ ದೆವ್ವದ ಮಾತೆತ್ತಿದರೆ ನಮ್ಮ ಸಿಸ್ಟರ್, "ಮೊದಲು ಕಿಟಕಿ ತೆಗೆದು ನೋಡಿ, ಆಮೇಲೆ ಬೇಕಾದರೆ ಹೆದರಿ" ಎನ್ನುತ್ತಿದ್ದರು. ಆ ಮಾತು ನನ್ನಲ್ಲಿ ಹಾಗೇ ಕೂತುಬಿಟ್ಟಿತ್ತು. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳುತ್ತಿದ್ದರೆ ಮುಖದಲ್ಲಿ ಆಶ್ಚರ್ಯ ತೋರಿಸುತ್ತ ಒಳಗೊಳಗೇ ಕಿಟಕಿ ತೆಗೆದು ನೋಡುತ್ತಿದ್ದೆ. ಒಂದಲ್ಲ ಒಂದು ಕಾರಣ ಕಾಣುತ್ತಿತ್ತು. ನನ್ನದೇ ಈ ಒಂದು ದಿನದ ವಿಷಯದಲ್ಲಿ ಮಾತ್ರ ಎಷ್ಟು ಕಿಟಕಿ ತೆಗೆದರೂ ಇವತ್ತಿನವರೆಗೆ ಏನೂ ಕಂಡಿಲ್ಲ. ಹೆದರಿಕೆಯೂ ಆಗಿಲ್ಲ. ನೆನೆಸಿಕೊಂಡಾಗಲೆಲ್ಲ ನಗುವೇ ಬರುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಎಲೆಕ್ಟ್ರಾನಿಕ್ ಸಿಟಿ ಎಂದರೆ ಆಗ ಕೆಂಪು ಮಣ್ಣಿನ ರಸ್ತೆ, ನೀಲಗಿರಿ ಮರಗಳ ಸಾಲು, ನಡುನಡುವೆ ಕೆಲವು ಹೊಸ ಷೆಡ್ಡುಗಳು. ನಮ್ಮವರು ಅಲ್ಲಿನ ಒಂದು ಸರ್ಕಾರಿ ಸಂಸ್ಥೆಯಲ್ಲಿ ಎಂಜಿನಿಯರ್. ನಾವಿದ್ದದ್ದು ಪಕ್ಕದ ಹೆಬ್ಬಗೋಡಿಯಲ್ಲಿ, ಮುನಿಯಮ್ಮನವರು ಬಾಡಿಗೆಗೆಂದು ಕಟ್ಟಿಸಿದ್ದ ಎರಡು ಕೋಣೆಯ ಮನೆಯಲ್ಲಿ. ಮುನಿಯಮ್ಮ ಅದೇ ಊರಿನ ಒಕ್ಕಲು ಮನೆತನದವರು. ಬೆಳಗಾದರೆ ರಾಗಿ ಹೊಲ, ಮಧ್ಯಾಹ್ನ ಊಟಕ್ಕೆ ಮನೆ, ಮತ್ತೆ ಹೊಲ. ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಆಳೆತ್ತರದ ಗೋಡೆ. ಮುಖ ಕಾಣುತ್ತಿರಲಿಲ್ಲ, ಮಾತು ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು. ನಮ್ಮಿಬ್ಬರ ಸ್ನೇಹವೆಲ್ಲ ಗೋಡೆಯ ಮೇಲೆ ಕೈ ಚಾಚಿ ಬಟ್ಟಲು ಕೊಡುವುದರಲ್ಲಿ, ಈಸಿಕೊಳ್ಳುವುದರಲ್ಲೇ ನಡೆಯುತ್ತಿತ್ತು.

ನಮ್ಮವರಿಗೆ ಚಿಕ್ಕಂದಿನಿಂದ ಉಗ್ಗು. ಮನೆಯಲ್ಲಿ ಅಷ್ಟು ತಿಳಿಯುತ್ತಿರಲಿಲ್ಲ. ಹೊಸಬರೆದುರು ಮಾತ್ರ ಮಾತಿನ ಮೊದಲ ಅಕ್ಷರದಲ್ಲೇ ನಿಂತುಬಿಡುತ್ತಿದ್ದರು. ಆದರೆ ಬರವಣಿಗೆಯಲ್ಲಿ ಅವರನ್ನು ಹಿಡಿಯುವವರಿರಲಿಲ್ಲ. ಸರ್ಕಾರಿ ಆಫೀಸುಗಳ ಪದ್ಧತಿ ನಿಮಗೆ ಗೊತ್ತೇ ಇದೆ, ಭಾಷಣ ಬರೆಯುವವರು ಒಬ್ಬರು, ಓದುವವರು ಇನ್ನೊಬ್ಬರು. ದೊಡ್ಡ ಸಾಹೇಬರ ಭಾಷಣ, ಬಂದ ಅತಿಥಿಯ ಭಾಷಣ, ಕೊನೆಗೆ ವಂದನಾರ್ಪಣೆ, ಎಲ್ಲವನ್ನೂ ಇವರೇ ಬರೆದುಕೊಟ್ಟು, ಹಿಂದಿನ ಸಾಲಿನಲ್ಲಿ ಕೂತು, ಎಲ್ಲರ ಜೊತೆ ಚಪ್ಪಾಳೆ ತಟ್ಟಿ ಮನೆಗೆ ಬರುತ್ತಿದ್ದರು. ಅದರಲ್ಲಿ ಅವರಿಗೆ ಬೇಸರವಿರಲಿಲ್ಲ.

ಆ ವರ್ಷ ಇವರ ಸಂಸ್ಥೆಯಲ್ಲೇ ಸರ್ಕಾರದ ದೊಡ್ಡ ಎಲೆಕ್ಟ್ರಾನಿಕ್ಸ್ ಸಮ್ಮೇಳನ ಎಂದು ಗೊತ್ತಾಯಿತು. ಮೂರು ಪ್ರಧಾನ ಭಾಷಣ. ಒಂದು ದೆಹಲಿಯಿಂದ ಬರುವ ಮುಖ್ಯ ಅತಿಥಿಯದು, ಒಂದು ಕಾಲೇಜಿನ ಪ್ರೊಫೆಸರರದು, ಮತ್ತೊಂದು ಸಂಸ್ಥೆಯ ಪರವಾಗಿ ದೊಡ್ಡ ಸಾಹೇಬರದು. ಹಳ್ಳಿಗಳಿಗೆಂದು ನಮ್ಮವರು ಮೂರು ವರ್ಷದಿಂದ ಮಾಡುತ್ತಿದ್ದ ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್ ಈ ಕೊನೆಯದರ ವಿಷಯ. ಧೂಳಿಗೂ ಬಿಸಿಲಿಗೂ ಜಗ್ಗದ ಯಂತ್ರ, ಏರ್ ಕಂಡೀಷನ್ ಕೋಣೆ ಬೇಡ. ಸಮ್ಮೇಳನಕ್ಕೆ ಮೂರು ವಾರವಿರುವಾಗ ದೊಡ್ಡ ಸಾಹೇಬರಿಗೆ ವರ್ಗವಾಯಿತು. ಬಂದ ಹೊಸ ಸಾಹೇಬರು ಒಳ್ಳೆಯವರು. "ಮಾಡಿದವನೇ ಮಾತಾಡಲಿ" ಎಂದು ಇವರ ಹೆಸರು ಹಾಕಿಸಿಬಿಟ್ಟರು. ಗೌರವವೆಂದೇ ಹಾಕಿಸಿದ್ದು, ಪಾಪ.

ಆ ಸಂಜೆ ಇವರು ಬೂಟು ಕೂಡ ಬಿಚ್ಚದೆ ಜಗಲಿಯ ಮೇಲೆ ಕೂತರು. "ಬರ್ಕೊಡು ಅಂದ್ರೆ ಇನ್ನೂ ಹತ್ತು ಬರ್ಕೊಡ್ತೀನಿ. ಅಷ್ಟು ಜನರ ಮುಂದೆ ನಿಂತ್ಕೋ ಅಂದ್ರೆ ಹೇಗೆ? ಅವತ್ತು ನಾನು ತಡವರಿಸಿದ್ರೆ ಜನ ನಗೋದು ನನ್ನನ್ನ ನೋಡಿ ಅಲ್ಲ, ಯಂತ್ರವನ್ನ ನೋಡಿ. ಅದಕ್ಕಿಂತ ಈಗ್ಲೇ ಸ್ಟೋರ್ಸಿಗೆ ಹಾಕಿ ಅಂತ ಕೇಳ್ಕೋತೀನಿ. ಅಲ್ಲಿ ಯಾರ ಹತ್ರಾನೂ ಮಾತಾಡೋ ಹಾಗಿಲ್ಲ" ಎಂದರು. ಮೂರು ವರ್ಷ ಮಗುವಿನಂತೆ ಬೆಳೆಸಿದ ಕೆಲಸವನ್ನು ಇನ್ನೊಬ್ಬರ ಕೈಗಿಟ್ಟು ಉಗ್ರಾಣಕ್ಕೆ ಹೋಗಿ ಕೂರುವ ಮಾತು.

ಮಾರನೆಯ ಸಂಜೆ ನಾನು ದೋಸೆಗೆ ರುಬ್ಬುತ್ತಿದ್ದೆ. ಇವರು ಹಿತ್ತಲ ಬಾಗಿಲಲ್ಲಿ ನಿಂತು, ಹೇಗಾದರೂ ಒಂದು ಸಲ ನೋಡೋಣವೆಂದು ಭಾಷಣ ಓದತೊಡಗಿದರು. ಇಂಗ್ಲಿಷ್ ಭಾಷಣ. ಒಂದು ಪುಟ ಸರಾಗವಾಗಿ ಹೋಯಿತು. ಹಿಟ್ಟು ತಳ್ಳಲೆಂದು ನಾನು ಗುಂಡುಕಲ್ಲು ನಿಲ್ಲಿಸಿದೆ. ಇವರ ಮಾತೂ ನಿಂತಿತು. ತಿರುಗಿಸಿದೆ, ಮಾತು ಹೊರಟಿತು. ಬೇಕೆಂದೇ ನಿಲ್ಲಿಸಿದೆ, ಮತ್ತೆ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕದ್ದೇ ನಕ್ಕದ್ದು. ಪದ್ಯ ಹೇಳಿಸುವಾಗ ಸಿಸ್ಟರ್ ಮೇಜಿಗೆ ಪೆನ್ಸಿಲ್ ಬಡಿಯುತ್ತಿದ್ದದ್ದು ನನಗೆ ನೆನಪಾಯಿತು. ಲಯ ಸಿಕ್ಕಿದರೆ ನಾಲಿಗೆ ತಾನಾಗಿ ಹಿಂದೆ ಬರುತ್ತದೆ ಎನ್ನುತ್ತಿದ್ದರು.

ನಮ್ಮ ಒರಳಿಗೆ ಅದರದೇ ಒಂದು ಲಯವಿತ್ತು. ಗುಂಡುಕಲ್ಲಿನ ಅಂಚು ಒಂದು ಕಡೆ ಚಕ್ಕೆಯೆದ್ದಿದ್ದರಿಂದ ಪ್ರತಿ ಸುತ್ತಿನ ಕೊನೆಗೆ 'ಟಕ್' ಎಂದು ಸಣ್ಣಗೆ ತಾಗುತ್ತಿತ್ತು. ಗುಡುಗುಡುಗುಡು ಟಕ್, ಗುಡುಗುಡುಗುಡು ಟಕ್. ಎಲ್ಲಿ ಕೇಳಿದರೂ ಗುರುತು ಹಿಡಿಯಬಹುದಾದ ಸದ್ದು. ಎರಡು ವಾರ ಪ್ರತಿ ಸಂಜೆ ನಾನು ರುಬ್ಬಿದೆ, ಇವರು ಭಾಷಣ ಮಾಡಿದರು. ಮನೆಯಲ್ಲಿ ಮೂರು ಹೊತ್ತೂ ದೋಸೆ, ಇಡ್ಲಿ, ಪಡ್ಡು. ಮಿಕ್ಕ ಹಿಟ್ಟು ಬಟ್ಟಲಲ್ಲಿ ಗೋಡೆ ದಾಟುತ್ತಿತ್ತು.

"ಏನವ್ವಾ, ಯಜಮಾನ್ರು ದ್ವಾಸೆ ಬಿಟ್ರೆ ಬ್ಯಾರೆ ಏನೂ ತಿನ್ನಾಕಿಲ್ವಾ?" ಎಂದು ಮುನಿಯಮ್ಮ ಆಚೆಯಿಂದ ಕೇಳಿದರು. "ಅದೇನು ದಿನಾ ಅಂಗೆ ಏಳ್ತಾರೆ, ಮಂತ್ರಾನಾ?"

"ಹೂಂ ಮುನಿಯಮ್ಮ, ಟೆಲಿಫೋನ್ ಮಂತ್ರ" ಎಂದೆ.

"ಒಳ್ಳೇದಾಗ್ಲಿ ಬಿಡವ್ವ. ನಮಗಂತೂ ಹಿಟ್ಟು ಸಿಗ್ತೈತೆ."

ಸಮ್ಮೇಳನದ ದಿನ ನಮ್ಮನ್ನು ಕರೆದೊಯ್ಯಲು ಆಫೀಸಿನ ವ್ಯಾನು ಬಂತು. ಮುನಿಯಮ್ಮ ಆಗಲೇ ಹೊಲಕ್ಕೆ ಹೋಗಿದ್ದರು. ನಾನು ಹಿತ್ತಲ ಬಾಗಿಲಿಗೆ ಚಿಲಕ ಹಾಕಿ, ಮುಂಬಾಗಿಲಿಗೆ ಬೀಗ ಹಾಕಿ, ಒಂದು ಸಲ ಜಗ್ಗಿ ನೋಡಿ, ಬೀಗದಕೈಯನ್ನು ಪರ್ಸಿನಲ್ಲಿಟ್ಟುಕೊಂಡೆ. ಹೊಸ ಷೆಡ್ಡಿನ ಮುಂದೆ ದೊಡ್ಡ ಶಾಮಿಯಾನ, ಗಂಧದ ಹಾರ, ಬಿಸಿಲಿಗೆ ಆಗಲೇ ಬಾಡುತ್ತಿದ್ದ ಗುಲಾಬಿ ಗುಚ್ಛಗಳು. ಅಧಿಕಾರಿಗಳ ಹೆಂಡತಿಯರಿಗೆ ಪಕ್ಕದಲ್ಲಿ ಒಂದು ಸಾಲು ಕುರ್ಚಿ ಹಾಕಿದ್ದರು. ನನ್ನ ಬಲಗಡೆ ಇವರ ಸಹೋದ್ಯೋಗಿಯ ಹೆಂಡತಿ ಸರಳಾ ಕೂತರು. ವೇದಿಕೆಯ ಮೇಲೆ ಇವರು ಮೂರನೆಯ ಕುರ್ಚಿಯಲ್ಲಿದ್ದರು. ಕರವಸ್ತ್ರವನ್ನು ಮಡಿಸುವುದು, ಬಿಡಿಸುವುದು, ಮತ್ತೆ ಮಡಿಸುವುದು.

ದೀಪ ಬೆಳಗಿಸಿ ದೆಹಲಿಯ ಅತಿಥಿ ಮಾತಿಗೆ ನಿಂತರು. ಫೈಲು ಬಿಚ್ಚಿ ಗಂಭೀರವಾಗಿ ಓದತೊಡಗಿದರು. ಎರಡನೆಯ ವಾಕ್ಯಕ್ಕೇ ನಾನು ಕುರ್ಚಿಯ ಅಂಚಿಗೆ ಬಂದೆ. ಹೆರಿಗೆ ನೋವಿನ ಹೆಂಗಸಿಗೆ ಡಾಕ್ಟರನ್ನು ಕರೆಯಲು ಊರಿಂದೂರಿಗೆ ಸೈಕಲ್ ತುಳಿಯುವ ಗಂಡನ ಕಥೆ! ಅದು ಇವರ ಭಾಷಣದ ಆರಂಭ. ಅತಿಥಿಯ ಭಾಷಣವನ್ನೂ ಇವರೇ ಬರೆದಿದ್ದರಲ್ಲ, ಒಂದೇ ಥರದ ಕಾಗದ, ಒಂದೇ ಟೈಪು. ಫೈಲಿಗೆ ಹಾಕುವಾಗ ಎರಡರ ಮೊದಲ ಪುಟಗಳು ಅದಲುಬದಲಾಗಿದ್ದವು. ಅತಿಥಿ ಕೈಯಲ್ಲಿದ್ದದ್ದನ್ನು ನಿಷ್ಠೆಯಿಂದ ಓದಿ, ಪುಟ ತಿರುವಿ, ಅಲ್ಲಿಂದ ಮುಂದೆ ದೇಶದ ಪ್ರಗತಿಗೆ ಹೋದರು. ಯಾರಿಗೂ ಏನೂ ಅನ್ನಿಸಲಿಲ್ಲ. ಜೋರಾಗಿ ಚಪ್ಪಾಳೆ ಬಿತ್ತು.

ಪ್ರೊಫೆಸರರ ಭಾಷಣ ಮುಗಿದು ಇವರ ಸರದಿ ಬರುವಾಗ ಮಧ್ಯಾಹ್ನವಾಗಿತ್ತು. ಇವರು ಮೈಕಿನ ಮುಂದೆ ನಿಂತು ಫೈಲು ಬಿಚ್ಚಿದರು. ಮೇಲಿದ್ದದ್ದು, 'ಈ ಸಮ್ಮೇಳನವನ್ನು ಉದ್ಘಾಟಿಸಲು ನನಗೆ ಹರ್ಷವಾಗುತ್ತಿದೆ' ಎಂಬ ಪುಟ. ಅದನ್ನು ಓದುವಂತಿಲ್ಲ. ಫೈಲು ಮುಚ್ಚಿದರು. ಬಾಯಿ ತೆರೆದರು. ತುಟಿಗಳು ಬಿಗಿದವು, ಕತ್ತಿನ ನರ ಉಬ್ಬಿತು, ಮೊದಲ ಅಕ್ಷರ ಹೊರಡಲಿಲ್ಲ. ಎಲ್ಲೋ ಕುರ್ಚಿ ಕಿರುಗುಟ್ಟಿತು. ಹಿಂದೆ ಯಾರೋ ಕೆಮ್ಮಿದರು. ನಾನು ಕಣ್ಣು ಮುಚ್ಚಿಕೊಂಡೆ.

ಆಗ ಕೇಳಿಸಿತು. ಗುಡುಗುಡುಗುಡು ಟಕ್. ಗುಡುಗುಡುಗುಡು ಟಕ್.

ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ನಮ್ಮ ಹಿತ್ತಲಲ್ಲಿ ಹೇಗೆ ಕೇಳಿಸುತ್ತಿತ್ತೋ ಹಾಗೇ, ಜೋರಾಗಿಯೂ ಅಲ್ಲ, ಕ್ಷೀಣವಾಗಿಯೂ ಅಲ್ಲ. ಕಣ್ಣು ಬಿಟ್ಟು ನೋಡಿದರೆ ನನ್ನ ಬಲಗೈ ಮಡಿಲಲ್ಲಿ ತಾನಾಗಿ ಸುತ್ತುತ್ತಿತ್ತು. ಸರಳಾ ನನ್ನತ್ತ ಬಗ್ಗಿ, "ಏನ್ರೀ ಅದು ಗುಡುಗುಡು ಅಂತ? ಜನರೇಟರಾ?" ಎಂದರು. ಅಷ್ಟರಲ್ಲಿ ವೇದಿಕೆಯ ಮೇಲೆ ಇವರು ತಲೆಯೆತ್ತಿದರು. ಮುಖ ಸಡಿಲವಾಯಿತು. ಮಾತು ಹೊರಟಿತು.

ಹೊರಟದ್ದು ನಿಲ್ಲಲೇ ಇಲ್ಲ. ಅತಿಥಿ ಓದಿಬಿಟ್ಟಿದ್ದ ಆ ಸೈಕಲ್ಲಿನವನನ್ನೇ ಹಿಡಿದುಕೊಂಡು, ಅವನು ದಾರಿಯಲ್ಲಿ ಏನೇನು ಯೋಚಿಸಿರಬಹುದು, ಒಂದು ಫೋನಿದ್ದಿದ್ದರೆ ಅವನು ಹೆಂಡತಿಯ ಪಕ್ಕದಲ್ಲೇ ಕೂತು ಕೈ ಹಿಡಿದಿರಬಹುದಿತ್ತು ಎಂದೆಲ್ಲ, ಕಾಗದದಲ್ಲಿ ಇಲ್ಲದ್ದನ್ನೂ ಸೇರಿಸಿ ಹೇಳಿದರು. ಯಂತ್ರವನ್ನು ಪರೀಕ್ಷಿಸಲು ಅದರ ಮೇಲೆ ಮೊರದಲ್ಲಿ ಧೂಳು ತೂರಿದ್ದನ್ನು ಹೇಳಿದಾಗ ಇಡೀ ಶಾಮಿಯಾನ ನಕ್ಕಿತು. ಮನೆಯಲ್ಲಿ ನಾನು ನಗುತ್ತಿದ್ದದ್ದೂ ಅಲ್ಲೇ. ಉದ್ದಕ್ಕೂ ಒರಳಿನ ಸದ್ದು ಹಿನ್ನೆಲೆಯಲ್ಲಿ ಇದ್ದೇ ಇತ್ತು. ಇವರು ನಮಸ್ಕಾರ ಹೇಳಿದಾಗ ಅದೂ ನಿಂತಿತು.

ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಹೊಸ ಸಾಹೇಬರು ಬಂದು ಎರಡೂ ಕೈ ಹಿಡಿದುಕೊಂಡು, ಮೊದಲು ಹತ್ತು ಹಳ್ಳಿಗೆ ಯಂತ್ರ ಹಾಕಿಸೋಣ, ನೀವೇ ಮುಂದೆ ನಿಲ್ಲಬೇಕು ಎಂದರು. ದೆಹಲಿಯ ಅತಿಥಿಯಂತೂ ತುಂಬ ಖುಷಿಯಾಗಿ, "ನಿಮ್ಮ ವಿಚಾರವೂ ನನ್ನ ವಿಚಾರವೂ ಎಷ್ಟು ಹೋಲುತ್ತವಲ್ಲ!" ಎಂದರು. ಇವರು ನಗು ತಡೆದುಕೊಂಡ ರೀತಿ ನನಗೆ ಮಾತ್ರ ಅರ್ಥವಾಯಿತು. ಸರಳಾ ಸುಮ್ಮನಿರಲಾರದೆ ಮೈಕಿನವನನ್ನು ಕೇಳಿಯೇಬಿಟ್ಟರು. "ಕರೆಂಟ್ ಇತ್ತಲ್ಲ ಮೇಡಂ, ಜನರೇಟರ್ ತಂದೇ ಇಲ್ಲ" ಎಂದನಂತೆ.

ಸಂಜೆ ವ್ಯಾನು ಅತಿಥಿಗಳನ್ನು ಬಿಡಲು ಹೋಗಿದ್ದರಿಂದ ಬಸ್ಸು ಹತ್ತಿದೆವು. ಇವರು ಮೆಲ್ಲಗೆ, "ನೀನು ರುಬ್ಬೋದು ಕೇಳಿಸ್ತು ಕಣೇ" ಎಂದರು. "ನನಗೂ" ಎಂದೆ. ಆಮೇಲೆ ಇವರೊಳಗಿನ ಎಂಜಿನಿಯರೂ ನನ್ನೊಳಗಿನ ಸಿಸ್ಟರೂ ಸೇರಿಕೊಂಡು ಒಂದೊಂದೇ ಕಿಟಕಿ ತೆಗೆದರು. ಎರಡು ವಾರದ ಅಭ್ಯಾಸ, ಕಿವಿಯಲ್ಲೇ ಉಳಿದುಬಿಟ್ಟಿದೆ. ಸರಳಾಗೆ ಕೇಳಿಸಿದ್ದು ಹೊಸೂರು ರಸ್ತೆಯ ಲಾರಿಗಳಿರಬೇಕು. ಟಕ್ ಎಂದದ್ದು ಮೈಕಿನ ಕಂಬ ಅಲ್ಲಾಡಿದ್ದು. ಹೆಬ್ಬಗೋಡಿ ಬರುವಷ್ಟರಲ್ಲಿ ಎಲ್ಲಕ್ಕೂ ಕಾರಣ ಸಿಕ್ಕಿತ್ತು. ಇವರು ಕಂಡಕ್ಟರನ ಜೊತೆ ಹರಟಿದರು, ಇಳಿದ ಮೇಲೆ ಹೂವಿನವಳ ಜೊತೆ ಚೌಕಾಸಿ ಮಾಡಿದರು. ಮದುವೆಯಾದ ಮೇಲೆ ಇವರು ಚೌಕಾಸಿ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮನೆಯ ಬೀಗ ಹಾಕಿದ ಹಾಗೇ ಇತ್ತು. ಹಿತ್ತಲ ಚಿಲಕವೂ ಹಾಗೇ. ಪಾತ್ರೆಯಲ್ಲಿ ಅಕ್ಕಿ ಚೆನ್ನಾಗಿ ನೆನೆದು ಬಿಳಿಯಾಗಿ ಉಬ್ಬಿತ್ತು. ಸೀರೆ ಬದಲಾಯಿಸಿ, ಮಲ್ಲಿಗೆ ಮುಡಿದೇ ಹಿತ್ತಲಿಗೆ ಹೋದೆ. ಒರಳಿನ ಮೇಲೆ ಬುಟ್ಟಿ ಕವುಚಿಟ್ಟಂತೆಯೇ ಇತ್ತು. ಅದರ ಮೇಲೆ ದಿನವಿಡೀ ಉದುರಿದ ಬೇವಿನೆಲೆಗಳು ತೆಳ್ಳಗೆ ಹರಡಿಕೊಂಡಿದ್ದವು. ಬುಟ್ಟಿ ಎತ್ತಿ ನೋಡಿದೆ. ಕಲ್ಲು ಒಣಗಿ ಬೆಳ್ಳಗಾಗಿತ್ತು. ಬೆಳಿಗ್ಗೆಯಿಂದ ಯಾರೂ ಮುಟ್ಟಿರಲಿಲ್ಲ. ಅಕ್ಕಿ ಹಾಕಿ ಒಂದು ಸುತ್ತು ತಿರುಗಿಸಿದ್ದೆನೋ ಇಲ್ಲವೋ, ಗೋಡೆಯಾಚೆಯಿಂದ ಮುನಿಯಮ್ಮನ ದನಿ ಕೇಳಿಸಿತು.

"ಇನ್ನೂ ಮುಗೀನಿಲ್ವೇನವ್ವಾ? ಮಧ್ಯಾನ್ನ ನಾನು ಉಣ್ಣಾಕೆ ಬಂದಾಗ್ಲೂ ರುಬ್ತಾನೇ ಇದ್ರಿ. ಯಜಮಾನ್ರು ಇವತ್ತು ಮಂತ್ರಾನ ಎಲ್ಲೂ ನಿಲ್ಲಿಸ್ದಂಗೆ ಏಳಿದ್ರು, ಚೆಂದಾಗಿತ್ತು. ಹಿಟ್ಟಿಗೆ ಬಟ್ಲು ಕೊಡಾಣ ಅಂತ ಕೂಗ್ದೆ, ನೀವು ಓ ಅನ್ನಿಲ್ಲ. ಅಲ್ಲಾ, ಎಷ್ಟು ಅಕ್ಕಿ ನೆನೆಹಾಕಿದ್ರವ್ವಾ?"