ಖರ್ಜೂರ ಕೂತ ತಪ್ಪು ಸಾಲು

ಮೇ ತಿಂಗಳ ಬೆಳಿಗ್ಗೆ, ರಜೆಯಲ್ಲಿ ಖಾಲಿ ಬಿದ್ದ ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಾಲಯದಲ್ಲಿ ಉಮಾವತಿ ಮೆಟ್ಟುಕತ್ತಿ ಮೆಟ್ಟಿ ಕುಳಿತು, ಬಲಿತ ಕಾಟುಮಾವಿನಕಾಯಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿಗೆ ಒತ್ತಿದರು. ಗೊರಟು ತಾಗಿದಲ್ಲಿ ಕೈ ನಿಂತಿತು. ಕಾಯಿಯನ್ನು ಒಂದಿಷ್ಟು ಓರೆ ಮಾಡಿ ಮತ್ತೆ ಒತ್ತಿದರು. ಕಟ್ ಎಂದು ಸದ್ದಾಗಿ ಕಾಯಿ ಉದ್ದಕ್ಕೆ ಎರಡು ಹೋಳಾಯಿತು. ಸಿಪ್ಪೆ, ತಿರುಳು, ಗೊರಟಿನ ಗೋಡೆ, ಗೋಡೆಯೊಳಗೆ ಬಿಳಿ ಬೀಜ, ಎಲ್ಲವೂ ಒಂದೇ ಮಟ್ಟದಲ್ಲಿ ಸೀಳಿದ್ದವು.

ಮನೆಯಲ್ಲಿ ಮಾವು ಕೊಯ್ಯುವವರು ಗೊರಟನ್ನು ತಪ್ಪಿಸಿ ಕೊಯ್ಯುತ್ತಾರೆ. ಪ್ರಯೋಗಾಲಯಕ್ಕೆ ಬೇಕಾದದ್ದು ಗೊರಟಿನ ನಡುವೆಯೇ ಹಾಯ್ದ ಕೊಯ್ತ. ಪಿಯುಸಿ ಪ್ರಾಯೋಗಿಕ ಪರೀಕ್ಷೆ ಬರುವುದು ಫೆಬ್ರವರಿಯಲ್ಲಿ. ಆಗ ಮರದಲ್ಲಿರುವುದು ಹೂವು, ಹೆಚ್ಚೆಂದರೆ ಮಿಡಿ. ಹಾಗಾಗಿ ಮೇಯಲ್ಲೇ ಕೊಯ್ದು ಫಾರ್ಮಲಿನ್ ತುಂಬಿದ ಬಾಟಲಿಗೆ ಹಾಕಿಡಬೇಕು. ಉಮಾವತಿ ಇದನ್ನು 1997ರಿಂದ, ಆರು ಬೇಸಿಗೆಗಳಲ್ಲಿ ಮಾಡಿದ್ದಾರೆ. ಇದು ಏಳನೆಯದು. ಕೊನೆಯದೂ ಆಗಬಹುದಿತ್ತು.

ಅವರ ಮನೆ ಕೋಟೇಶ್ವರದ ಪಡುಬದಿಯಲ್ಲಿ, ಕಡಲಿಗೆ ಹತ್ತಿರ. ಕಾಲೇಜು ಸಾಲಿಗ್ರಾಮದ ಆಚೆ, ಹೆದ್ದಾರಿ ಬದಿಯಲ್ಲಿ. ಏಳನೇ ತರಗತಿಗೆ ಶಾಲೆ ಬಿಟ್ಟು ಮೀನು ಕೊಯ್ಯುತ್ತಿದ್ದ ಅವರನ್ನು ಅಟೆಂಡರ್ ಕೆಲಸಕ್ಕೆ ಕರೆದವರು ಆಗಿನ ಉಪನ್ಯಾಸಕಿ ಗೋದಾವರಿ. ಪೇಟೆಯಲ್ಲಿ ಉಮಾವತಿ ಅಂಜಲ್ ಮೀನನ್ನು ತೂಕ ಹಾಕಿದಷ್ಟು ಸಮನಾಗಿ ತುಂಡು ಮಾಡುವುದನ್ನು ನಿಂತು ನೋಡಿ, "ನಂಗೆ ಇಂಥ ಕೈ ಬೇಕ್ ಕಾಣಿ" ಎಂದಿದ್ದರಂತೆ. ಗೋದಾವರಿ ನಿವೃತ್ತರಾದ ಮೇಲೆ ಬಂದವರು ಉದಯಶಂಕರ. ಕೋಟದ ಕಡೆಯವರು, ಮೂವತ್ತೆರಡರ ಪ್ರಾಯ, ಪಾಠದಲ್ಲಿ ಚುರುಕು.

ತಪ್ಪಾದದ್ದು ಉದಯಶಂಕರರ ಮೊದಲ ವರ್ಷದಲ್ಲೇ. ಕಪಾಟಿನಲ್ಲಿ ಅಷ್ಟಿಫಲಗಳ ಸಾಲು ಎಂದರೆ ಗೊರಟಿರುವ ಹಣ್ಣುಗಳ ಸಾಲು. ಮಾವು, ತೆಂಗು, ಅಮಟೆ, ಕಾಡುಬಾದಾಮಿ. ಹಳೆಯ ಬಾಟಲಿಯೊಂದು ಒಡೆದು ಜಾಗ ಖಾಲಿಯಾದಾಗ ಉಮಾವತಿ ಅಲ್ಲಿ ಖರ್ಜೂರವನ್ನಿಟ್ಟರು. ಯಾರೂ ಹೇಳಿರಲಿಲ್ಲ. ಖರ್ಜೂರಕ್ಕೆ ಗೊರಟಿದೆ, ಗಟ್ಟಿ ಇದೆ, ಮತ್ತೇನು ಬೇಕು? ಮಕ್ಕಳು ವರ್ಷವಿಡೀ ಆ ಸಾಲನ್ನೇ ನೋಡಿ ಕಲಿತರು. ಫೆಬ್ರವರಿಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಮೇಜಿನ ಮೇಲೆ ಇಟ್ಟದ್ದು ಆ ಖರ್ಜೂರವನ್ನೇ. ಇಪ್ಪತ್ತೆರಡು ಮಕ್ಕಳು ಅಷ್ಟಿಫಲ ಎಂದು ಬರೆದರು. ಸರಿಯುತ್ತರ ಬೆರ್ರಿ, ಎಂದರೆ ಟೊಮೆಟೊ, ದ್ರಾಕ್ಷಿಗಳ ಗುಂಪು. ಇಪ್ಪತ್ತೆರಡು ಮಂದಿಗೂ ಅಂಕ ಹೋಯಿತು.

"ಎಂತಕೆ ಅಲ್ಲ ಸರ್? ಗೊರಟ್ ಇತ್ತಲೆ?" ಎಂದು ಉಮಾವತಿ ಆ ದಿನ ಕೇಳಿದ್ದರು.

"ಪುಸ್ತಕದಗೆ ಹಾಂಗೇ ಇತ್ತ್, ಉಮಾವತಿ," ಎಂದಷ್ಟೇ ಹೇಳಿ ಉದಯಶಂಕರ ಹೋದರು. ಏಪ್ರಿಲ್‌ನಲ್ಲಿ ಪ್ರಿನ್ಸಿಪಾಲರ ಚೀಟಿ ಬಂತು. ಜೂನ್‌ನಿಂದ ಉಮಾವತಿ ಆಫೀಸಿಗೆ, ಗಂಟೆ ಹೊಡೆಯಲು ಮತ್ತು ಫೈಲು ಒಯ್ಯಲು. ಪ್ರಯೋಗಾಲಯಕ್ಕೆ ಎಸ್ಸೆಸ್ಸೆಲ್ಸಿ ಪಾಸಾದ ಹೊಸಬರು ಬರುತ್ತಾರೆ.

ಸಂಬಳ ಅಷ್ಟೇ. ಕೆಲಸವೂ ಹಗುರ. ಆದರೆ ಆಫೀಸಿನಲ್ಲಿ ಕೊಯ್ಯಲು ಏನೂ ಇಲ್ಲ ಎಂಬುದು ಉಮಾವತಿಗೆ ಗೊತ್ತಿತ್ತು.

ಪೇಟೆಯಿಂದ ಅವರು ಕಾಲು ಕಿಲೋ ಖರ್ಜೂರ ತಂದರು. ಸಂಜೆ ಅಂಗಳದಲ್ಲಿ, ದೋಣಿ ರಿಪೇರಿ ಮಾಡುವ ಗಂಡ ಕುಷ್ಟನ ಮುಂದೆ ಬೀಜಗಳನ್ನು ಇಟ್ಟರು.

"ಹ್ವಾಯ್, ಇದನ್ನ್ ನಿಮ್ಮ ಸಣ್ ಗರಗಸದಗೆ ಕೊಯ್ದ್ ಕೊಡಿ ಕಾಂಬ."

"ಜಾಗ ಹೋಯ್ತ್ ಅಂದೇಳಿ ಖರ್ಜೂರದ ಮೇಲೆ ಸಿಟ್ಟಾ?" ಎಂದ ಕುಷ್ಟ. "ಇಷ್ಟ್ ಸಣ್ಣದ್ ಹಿಡುಕೆ ನಂಗೆ ಇಲಿ ಕೈ ಬೇಕ್."

"ಮಾತ್ ಕಡ್ಮಿ ಮಾಡಿ. ಉದ್ದಕ್ಕೊಂದ್, ಅಡ್ಡಕ್ಕೊಂದ್."

ಬೈದುಕೊಳ್ಳುತ್ತಲೇ ಅವನು ಬೀಜವನ್ನು ಎರಡು ಹಲಗೆ ತುಂಡಿನ ನಡುವೆ ಬಿಗಿಸಿ ಕೊಯ್ದ. ಮೊದಲನೆಯದು ಹಾರಿ ಬಾವಿಕಟ್ಟೆಯ ಹತ್ತಿರ ಬಿತ್ತು, ಎರಡನೆಯದು ನಿಂತಿತು. ಉಮಾವತಿ ಹೋಳನ್ನು ಬೆಳಕಿಗೆ ಹಿಡಿದರು. ಒಳಗೆ ಪೊಳ್ಳಿಲ್ಲ, ಗೋಡೆಯಿಲ್ಲ. ಅಂಚಿನಿಂದ ನಡುವಿನವರೆಗೆ ಒಂದೇ ಬೂದುಬಿಳಿ ಗಟ್ಟಿ. ಅಡ್ಡ ಕೊಯ್ದ ಹೋಳಿನ ಬದಿಯಲ್ಲಿ ಮಾತ್ರ ಸಾಸಿವೆಗಿಂತ ಸಣ್ಣ, ಮೊಳಕೆಯ ಚುಕ್ಕೆ.

ಆಮೇಲೆ ಅವರು ಒಣಗಿದ ಬಾದಾಮಿ ಕಾಯಿಯೊಂದನ್ನು ಕಲ್ಲಿನ ಮೇಲಿಟ್ಟು ಒಡೆದರು. ಕಡಲ ಬದಿಯ ಮಕ್ಕಳೆಲ್ಲ ಮೊದಲು ಹೊರಗಿನ ಹುಳಿಸಿಹಿ ತಿರುಳನ್ನು ಕಚ್ಚಿ, ಒಣಗಿದ ಮೇಲೆ ಕಲ್ಲಲ್ಲಿ ಜಜ್ಜಿ ಒಳಗಿನ ಬೀಜ ತೆಗೆಯುವ ಕಾಯಿ ಅದು. ಗೊರಟು ಬಾಯಿ ಬಿಟ್ಟಿತು. ಒಳಗಿನ ಬೀಜ ತನ್ನದೇ ಸಿಪ್ಪೆ ಹೊದ್ದು ಬೇರೆಯಾಗಿ ಮಲಗಿತ್ತು. ಉಮಾವತಿ ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಕುಷ್ಟ ಉಳಿದ ಖರ್ಜೂರವನ್ನೆಲ್ಲ ತಿಂದು ಮುಗಿಸಿದ.

ಪ್ರವೇಶ ಅರ್ಜಿಗಳ ಕೆಲಸಕ್ಕೆ ಉದಯಶಂಕರ ಕಾಲೇಜಿಗೆ ಬಂದದ್ದು ಮೇ ಇಪ್ಪತ್ತೆಂಟರಂದು. ಉಮಾವತಿ ಬಾಗಿಲಲ್ಲೇ ತಡೆದರು.

"ಸರ್, ಒಂದ್ ಐದ್ ನಿಮಿಷ ಬತ್ರಿಯಾ?"

"ಆಫೀಸಿನ್ ವಿಷ್ಯ ಆದ್ರೆ ನಾನ್ ಎಂತದೂ ಮಾಡುಕ್ ಆತಿಲ್ಲೆ. ಪ್ರಿನ್ಸಿಪಾಲ್ರ್ ಬರ್ದಾಯ್ತ್."

"ಆಫೀಸ್ ಬದಿಗಿರ್ಲಿ. ಖರ್ಜೂರ ಎಂತಕೆ ಅಲ್ಲ ಅಂದೇಳಿ ನೀವ್ ಹೇಳ್ಲಿಲ್ಲ. ಈಗ ನಾನ್ ಹೇಳ್ತೆ. ತಪ್ಪಿದ್ರೆ ಬೈಯ್ನಿ."

ಮೇಜಿನ ಮೇಲೆ ಹಳೆ ಪೇಪರು ಹಾಸಿತ್ತು. ಸೀಳಿದ ಮಾವು, ಒಡೆದ ಬಾದಾಮಿ, ಅಮಟೆಯ ಹೋಳು, ಸಿಪ್ಪೆ ಸಮೇತ ಕುಷ್ಟ ಗರಗಸದಲ್ಲಿ ಎರಡು ಮಾಡಿಕೊಟ್ಟ ತೆಂಗಿನಕಾಯಿ, ಕೊನೆಗೆ ಖರ್ಜೂರ.

ಉಮಾವತಿ ಮಾವಿನಿಂದ ಶುರು ಮಾಡಿದರು. ಇದಕ್ಕೆ ಮೂರು ಪದರ. ಹೊರಗಿನದು ಸಿಪ್ಪೆ, ನಡುವಿನದು ನಾವು ತಿನ್ನುವುದು, ಒಳಗಿನದು ಗಟ್ಟಿ ಗೋಡೆ. ಬೀಜ ಗೋಡೆಯ ಒಳಗೆ. ತೆಂಗಿಗೂ ಅವೇ ಮೂರು. ಆದರೆ ನಡುವಿನದು ನಾರು, ಹಗ್ಗಕ್ಕೆ ಹೋಗುವಂಥದ್ದು, ಕರಟವೇ ಗೋಡೆ, ತುರಿದು ತಿನ್ನುವುದು ಗೋಡೆಯೊಳಗಿನ ಬೀಜವನ್ನು. ಬಾದಾಮಿಯಲ್ಲಿ ಹೊರಗಿನದನ್ನೂ ತಿನ್ನಬಹುದು, ಒಳಗಿನದನ್ನೂ ತಿನ್ನಬಹುದು. ತಿನ್ನುವ ಜಾಗ ಬದಲಾಗುತ್ತದೆ, ಕಟ್ಟೋಣ ಬದಲಾಗುವುದಿಲ್ಲ.

"ಇದೆಲ್ಲ ಮಳಿ ಇದ್ದಂಗೆ ಸರ್," ಎಂದು ಹೊಳೆಯ ಚಿಪ್ಪುಮೀನಿಗೆ ಹೋಲಿಸಿದರು. "ಚಿಪ್ಪ್ ಒಡ್ದ್ರೆ ಒಳ್ಗೆ ಮಳಿ ಸಿಕ್ತ್. ಖರ್ಜೂರದಗೆ ಹಂಗಲ್ಲ. ಒಡ್ದ್ರೆ ಒಳ್ಗೆ ಎಂತದೂ ಇಲ್ಲೆ. ನಾವ್ ಚಿಪ್ಪ್ ಅಂಬುದೇ ಮಳಿ."

"ನಾವ್ ಮಳಿ ತಿಂಬರಲ್ಲ ಮಾರಾಯ್ತಿ," ಎಂದರು ಉದಯಶಂಕರ.

"ತಿಂಬುದ್ ಬ್ಯಾಡ. ಕಂಡ್ರೆ ಸಾಕ್."

ಉದಯಶಂಕರ ನಕ್ಕರು. ಖರ್ಜೂರದ ಬೀಜದ ಹೋಳನ್ನು ತೆಗೆದುಕೊಂಡು ಕಿಟಕಿಯ ಹತ್ತಿರ ಹೋದರು. ಹತ್ತು ವರ್ಷದಿಂದ ಓದಿದ್ದು, ಪಾಠ ಮಾಡಿದ್ದು. ಒಂದನ್ನೂ ಕೊಯ್ದು ನೋಡಿರಲಿಲ್ಲ. ತಿರುಗಿ ಬಂದಾಗ ದನಿ ಪರೀಕ್ಷಕರದಾಗಿತ್ತು.

"ಹಂಗಾರೆ ಖರ್ಜೂರದ್ ಚಿಪ್ಪ್ ಎಲ್ಹೋಯ್ತ್? ಮೂರ್ ಪದರ ಅದ್ಕೂ ಇರ್ಕಲೆ?"

ಉಮಾವತಿ ಇದಕ್ಕೇ ಕಾದಿದ್ದರು. ಇಡೀ ಖರ್ಜೂರವೊಂದನ್ನು ಬೆರಳಲ್ಲಿ ಬಿಡಿಸಿ, ಬೀಜಕ್ಕೂ ತಿರುಳಿಗೂ ನಡುವೆ ಇದ್ದ, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿನ ಬಿಳಿ ಹಾಳೆಯನ್ನು ಉಗುರಿನಿಂದ ಎಬ್ಬಿಸಿದರು.

"ಇಲ್ಲಿತ್ತ್. ಗಟ್ಟಿ ಆಯ್ಲಿಲ್ಲ ಅಷ್ಟೇ."

ಉದಯಶಂಕರ ಆ ಹಾಳೆಯನ್ನು ಬೆರಳ ತುದಿಗೆ ತೆಗೆದುಕೊಂಡು ನೋಡಿದರು. "ಗೇರುಬೀಜ?" ಎಂದರು ಆಮೇಲೆ.

"ಹಣ್ಣ್ ಅಂಬುದ್ ತೊಟ್ಟ್, ಬೀಜ ಅಂಬುದೇ ಕಾಯಿ. ಗೋದಾವರಿ ಮೇಡಮ್ಮ್ ಹೇಳಿದ್ರ್. ಅದ್ ಯಾವ್ ಸಾಲಿಗೆ ಅಂತ ನಂಗ್ ಗೊತ್ತಿಲ್ಲೆ."

"ನಂಗೂ ಸಮಾ ಗೊತ್ತಿಲ್ಲೆ. ಒಂದ್ ಪುಸ್ತಕದಗೆ ಒಂದ್ ನಮೂನಿ ಇತ್ತ್."

ಅವರು ಅಲ್ಲಿಂದ ನೇರ ಪ್ರಿನ್ಸಿಪಾಲರ ಕೋಣೆಗೆ ಹೋದರು. ತೆಳುಗೋಡೆಯ ಈಚೆ ಬಾಟಲಿ ಒರೆಸುತ್ತಿದ್ದ ಉಮಾವತಿಗೆ ಮಾತು ಕೇಳಿಸಿತು. ಉಮಾವತಿಗೆ ಎಸ್ಸೆಸ್ಸೆಲ್ಸಿ ಆಗಿಲ್ಲವಲ್ಲ, ಪ್ರಯೋಗಾಲಯದಲ್ಲೇ ಉಳಿಸುವುದು ಹೇಗೆ ಎಂದು ಪ್ರಿನ್ಸಿಪಾಲರು ಕೇಳಿದರು. ಉದಯಶಂಕರ, ಆ ಕಪಾಟನ್ನು ತಾನು ಜೂನ್‌ನಿಂದ ಫೆಬ್ರವರಿವರೆಗೆ ದಿನಾ ನೋಡಿದ್ದೆ, ಖರ್ಜೂರ ತನಗೂ ಕಾಣಲಿಲ್ಲ, ತಪ್ಪು ತನ್ನದೂ ಹೌದು, ಅದನ್ನು ಬರೆದುಕೊಡುತ್ತೇನೆ ಎಂದರು. ಕುರ್ಚಿ ಸರಿದ ಸದ್ದಾಯಿತು. ಬರೆದುಕೊಡುವುದೇನೂ ಬೇಡ ಎಂದರು ಪ್ರಿನ್ಸಿಪಾಲರು.

ಜೂನ್ ಎರಡು, ಸೋಮವಾರ, ಕಾಲೇಜು ಶುರುವಾಯಿತು. ಆಫೀಸಿನ ಗಂಟೆ ಹೊಡೆಯಲು ಪ್ರೇಮಾನಂದ ಎಂಬ ಹೊಸಬರು ಬಂದರು. ಉಮಾವತಿ ಒಂಬತ್ತಕ್ಕೆ ಪ್ರಯೋಗಾಲಯದ ಬಾಗಿಲು ತೆಗೆದರು.