ಲೈಬ್ರರಿ ಟೀಚರ ಮೇಲೆ ನಾನಿಟ್ಟ ಕಣ್ಣು

ನಮ್ಮ ಹೈಸ್ಕೂಲಿನ ಲೈಬ್ರರಿಗೊಬ್ಬರು ಬೇಕು ಎಂದು ಅಧ್ಯಾಪಕರಲ್ಲಿ ಯಾರೂ ಕೇಳಿರಲಿಲ್ಲ. ನಾವು ಕೇಳಿದ್ದು ಗಣಿತಕ್ಕೊಬ್ಬ ಕಾಯಂ ಮಾಸ್ಟರನ್ನು. ಹಾಗಾಗಿ ಜೂನ್ ತಿಂಗಳ ಒಂದು ಬೆಳಿಗ್ಗೆ ಹೆಡ್‌ಮಾಸ್ಟರರು ಸ್ಟಾಫ್ ರೂಮಿಗೆ ಒಬ್ಬ ಹೆಂಗಸನ್ನು ಕರೆತಂದು, ಇನ್ನು ಲೈಬ್ರರಿಯನ್ನು ಇವರು ನೋಡಿಕೊಳ್ಳುತ್ತಾರೆ ಎಂದಾಗ ನನಗೆ ಮೊದಲು ಹೊಳೆದದ್ದು, ಇವರು ಆಡಳಿತ ಸಮಿತಿಯಲ್ಲಿ ಯಾರ ಕಡೆಯವರಿರಬಹುದು ಎಂದು.

ನಾನು ಆ ಶಾಲೆಯಲ್ಲಿ ಹತ್ತು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೆ. ಮನೆ ಕಬಕದಲ್ಲಿ, ಶಾಲೆ ಪಂಜದ ಹತ್ತಿರ. ದಿನಾ ಎರಡು ಬಸ್ಸು ಹಿಡಿದು ಹೋಗಬೇಕು, ಎರಡು ಬಸ್ಸು ಹಿಡಿದು ಬರಬೇಕು. ಇಷ್ಟು ದೂರದಿಂದ ಬರುವವಳು ನಾನೊಬ್ಬಳೇ, ಆದರೂ ತಡವಾಗಿ ಬಂದವಳಲ್ಲ ಎಂಬ ಗರ್ವ ನನಗಿತ್ತು. ಹೊಸಬರು ಸುಳ್ಯದ ಕಡೆಯವರು, ನಲವತ್ತು ದಾಟಿದವರು. ಮೊದಲು ಯಾವುದೋ ಕಾಲೇಜಿನ ಲೈಬ್ರರಿಯಲ್ಲಿದ್ದರಂತೆ. ಕಾಲೇಜು ಬಿಟ್ಟು ಹೈಸ್ಕೂಲಿಗೆ ಯಾಕೆ ಬಂದರು ಎಂದು ಕೇಳಿದೆ. ಮಕ್ಕಳು ಇನ್ನೂ ಸ್ವಲ್ಪ ಚಿಕ್ಕವರಿರುವಾಗ ಸಿಕ್ಕಿದರೆ ಒಳ್ಳೆಯದೆಂದು ಅನಿಸಿತು ಅಂದರು. ಆ ಉತ್ತರವನ್ನು ನಾನು ನಂಬಲಿಲ್ಲ. ಅಲ್ಲೇನೋ ಆಗಿರಬೇಕು, ಅದಕ್ಕೇ ಬಿಟ್ಟಿದ್ದಾರೆ ಎಂದುಕೊಂಡೆ.

ಅಲ್ಲಿಯವರೆಗೆ ನಮ್ಮ ಲೈಬ್ರರಿಯೆಂದರೆ ಆಟದ ಸಾಮಾನಿನ ಕೋಣೆಯ ಪಕ್ಕದಲ್ಲಿದ್ದ ಮೂರು ಕಬ್ಬಿಣದ ಕಪಾಟು. ಇನ್‌ಸ್ಪೆಕ್ಷನ್ ಬಂದಾಗ ತೆರೆಯುವುದು, ಹೋದ ಮೇಲೆ ಮುಚ್ಚುವುದು. ಅವರು ಬಂದ ವಾರದಲ್ಲೇ ಪುಸ್ತಕಗಳನ್ನೆಲ್ಲ ಹೊರಗೆ ತೆಗೆದು, ಬಿಸಿಲು ಕಂಡಾಗೆಲ್ಲ ಜಗಲಿಯಲ್ಲಿ ಹರವಿ ಒಣಗಿಸಿದರು. ಕೋಣೆಗೆ ಚಾಪೆ ಹಾಕಿಸಿದರು. ಮಧ್ಯಾಹ್ನ ಊಟ ಮುಗಿದ ಕೂಡಲೇ ಹತ್ತಿಪ್ಪತ್ತು ಮಕ್ಕಳು ಒಳಗೆ ಹೋಗತೊಡಗಿದರು. ಹೋದ ಮೇಲೆ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಯಾಕೆಂದು ಕೇಳಿದರೆ, ಊಟದ ವಾಸನೆಗೆ ಬರುವ ನಾಯಿಗಳು ಒಳಗೆ ನುಗ್ಗುತ್ತವೆ ಎಂದರು. ನಾಯಿಗಳಿದ್ದದ್ದು ನಿಜ. ಆದರೂ ಬಾಗಿಲು ಮುಚ್ಚಿ ಪಾಠ ಮಾಡುವವರನ್ನು ನಾನು ನೋಡಿರಲಿಲ್ಲ.

ಅವರ ಮೇಜಿನ ಮೇಲೆ ಒಂದು ಉದ್ದದ ನೋಟ್‌ಬುಕ್ ಇರುತ್ತಿತ್ತು. ಪುಸ್ತಕ ಕೊಟ್ಟು ಪಡೆಯುವ ರಿಜಿಸ್ಟರ್ ಬೇರೆಯೇ ಇತ್ತು. ಈ ನೋಟ್‌ಬುಕ್ಕಿನಲ್ಲಿ ಮಕ್ಕಳು ಹೋದ ಮೇಲೆ ಏನೋ ಬರೆಯುವರು. ನಾನು ಒಳಗೆ ಕಾಲಿಟ್ಟರೆ ಮುಚ್ಚಿಬಿಡುವರು. ಎರಡು ಮೂರು ಸಲ ಹೀಗಾದ ಮೇಲೆ, ಅವರು ನಮ್ಮ ಬಗ್ಗೆ ಸಮಿತಿಗೆ ವರದಿ ಬರೆಯುತ್ತಿದ್ದಾರೆ ಎಂದು ನನಗೆ ಬಹುಮಟ್ಟಿಗೆ ಖಾತ್ರಿಯಾಯಿತು.

ಆ ವರ್ಷ ಆಫೀಸಿನ ಮರದ ಕಪಾಟಿಗೆ ಒರಲೆ ಹಿಡಿದು ಕಾಗದಗಳನ್ನೆಲ್ಲ ತಿನ್ನುತ್ತಿತ್ತು. ಮಧ್ಯವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಹೆಡ್‌ಮಾಸ್ಟರರು ಲಕೋಟೆಗೆ ಹಾಕಿ, ಅರಗಿನ ಸೀಲು ಒತ್ತಿ, ಲೈಬ್ರರಿಯ ಕಬ್ಬಿಣದ ಕಪಾಟಿನಲ್ಲಿ ಇಟ್ಟರು. ನನ್ನ ಹತ್ತನೇ ತರಗತಿಯ ವಿಜ್ಞಾನದ ಪತ್ರಿಕೆ ಅಲ್ಲಿ ನಾಲ್ಕು ದಿನ ಇತ್ತು. ಆಗ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ದಸರಾ ರಜೆಯಲ್ಲಿ ಮನೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಒಂದು ಪತ್ರಿಕೆ ನನ್ನನ್ನು ಹಿಡಿದು ನಿಲ್ಲಿಸಿತು. ಅದು ಕೊನೆಯ ಬೆಂಚಿನ ಒಬ್ಬ ಹುಡುಗಿಯದ್ದು. ಅವಳ ಅಜ್ಜನ ಕಾಲದಲ್ಲಿ ಲಂಕೆಯಿಂದ ಬಂದು ರಬ್ಬರ್ ತೋಟದ ಕಾಲನಿಯಲ್ಲಿ ನೆಲೆಸಿದ ತಮಿಳು ಕುಟುಂಬ. ಅಮ್ಮ ರಬ್ಬರ್ ಮರ ಕೆತ್ತಿ ಹಾಲು ತೆಗೆಯುವ ಟ್ಯಾಪಿಂಗಿಗೆ ಹೋಗುವವರು. ಹುಡುಗಿ ಮಾತಾಡುವ ಕನ್ನಡ ಚೆನ್ನಾಗಿಯೇ ಇತ್ತು, ಓದುವ ಬರೆಯುವ ಕನ್ನಡ ಮಾತ್ರ ತೀರಾ ಹಿಂದೆ. ಒಂಬತ್ತರಲ್ಲಿ ಅವಳು ನನ್ನ ಪತ್ರಿಕೆಯಲ್ಲಿ ಪ್ರಶ್ನೆಗಳನ್ನೇ ಮತ್ತೆ ಬರೆದು ಕೊಟ್ಟು ಹೋಗುತ್ತಿದ್ದಳು. ಈಗ ಆಮ್ಲಗಳ ಬಗ್ಗೆ ಕೇಳಿದ ಎರಡು ಅಂಕದ ಪ್ರಶ್ನೆಗೆ ಅರ್ಧ ಪುಟ ಬರೆದಿದ್ದಾಳೆ. ಇರುವೆ ಕಚ್ಚಿದಾಗ ಉರಿಯುವುದಕ್ಕೆ ಕಾರಣವಾದ ಆಮ್ಲವೂ ರಬ್ಬರ್ ಹಾಲು ಹೆಪ್ಪಾಗಲು ಹಾಕುವ ಆಮ್ಲವೂ ಒಂದೇ ಎಂದು. ಹಾಲಿನಲ್ಲಿ ರಬ್ಬರಿನ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಆಮ್ಲ ಹಾಕಿದರೆ ತಳ್ಳುವುದು ನಿಂತು ಒಂದಕ್ಕೊಂದು ಅಂಟುತ್ತವೆ ಎಂದು. ಅಮ್ಮನ ಬೆರಳಿನ ಚರ್ಮ ಅದರಿಂದಲೇ ಸುಲಿದಿದೆ ಎಂದು. ಕಾಗುಣಿತದ ತಪ್ಪು ಬೇಕಾದಷ್ಟಿತ್ತು, ವಿಷಯದಲ್ಲಿ ತಪ್ಪಿರಲಿಲ್ಲ. ಕಣಗಳ ಮಾತು ನಮ್ಮ ಪಠ್ಯಪುಸ್ತಕದಲ್ಲಿಲ್ಲ. ನಾನೂ ಹೇಳಿಕೊಟ್ಟಿರಲಿಲ್ಲ.

ಮತ್ತೆ ಹುಡುಕಿದಾಗ ಇನ್ನೂ ಐದು ಪತ್ರಿಕೆಗಳಲ್ಲಿ ಇಂಥ, ಪಾಠದಲ್ಲಿಲ್ಲದ ಮಾತುಗಳು ಸಿಕ್ಕಿದವು. ಆರೂ ಮಕ್ಕಳು ಹಿಂದಿನ ಸಾಲಿನವರು. ಆರೂ ಜನ ಮಧ್ಯಾಹ್ನ ಲೈಬ್ರರಿಯಲ್ಲಿ ಇರುವವರು. ಕಪಾಟು, ಅರ್ಧ ಮುಚ್ಚಿದ ಬಾಗಿಲು, ಮುಚ್ಚಿಕೊಳ್ಳುವ ನೋಟ್‌ಬುಕ್ ಎಲ್ಲವೂ ನನ್ನ ತಲೆಯಲ್ಲಿ ಒಂದು ಸಾಲಿಗೆ ಬಂದು ನಿಂತವು. ಪ್ರಶ್ನೆ ಮೊದಲೇ ಗೊತ್ತಿದ್ದವರಿಗೆ ಉತ್ತರ ಹುಡುಕಿ ಬಾಯಿಪಾಠ ಮಾಡಿಸುವುದು ಏನು ಕಷ್ಟ?

ರಜೆ ಮುಗಿದ ಮೊದಲ ದಿನವೇ ಹುಡುಗಿಯನ್ನು ಲ್ಯಾಬಿಗೆ ಕರೆದೆ. ಪತ್ರಿಕೆಯನ್ನು ಮುಂದಿಟ್ಟು, ಇದನ್ನು ಯಾರು ಹೇಳಿಕೊಟ್ಟದ್ದು ಎಂದು ಕೇಳಿದೆ. ಅವಳು ನೆಲ ನೋಡುತ್ತಾ ನಿಂತಳು. ಎರಡನೇ ಸಲ ಕೇಳಿದಾಗ ನನ್ನ ದನಿ ಏರಿತ್ತು.

"ಲೈಬ್ರರಿ ಟೀಚರ್" ಅಂದಳು.

"ಪರೀಕ್ಷೆಗೆ ಮೊದಲಾ?"

"ಹೌದು ಟೀಚರ್."

ನನಗೆ ಇಷ್ಟು ಸಾಕಾಯಿತು. ಪರೀಕ್ಷೆಗೆ ಎಷ್ಟು ದಿನ ಮೊದಲು ಎಂದು ನಾನು ಕೇಳಲೇ ಇಲ್ಲ. ಕೇಳಿದ್ದರೆ ಜುಲೈಯಲ್ಲಿ ಎನ್ನುತ್ತಿದ್ದಳು.

ಹೆಡ್‌ಮಾಸ್ಟರರಲ್ಲಿ ಹೋಗಿ ಎಲ್ಲವನ್ನೂ ಹೇಳಿದೆ. ಅವರು ನಿಧಾನದ ಮನುಷ್ಯ. ಸೀಲನ್ನು ಪರೀಕ್ಷೆಯ ದಿನ ತಾನೇ ಒಡೆದದ್ದು, ಅದು ಸರಿಯಾಗಿಯೇ ಇತ್ತು ಎಂದರು. ಅರಗು ಕರಗಿಸಿ ಮತ್ತೆ ಅಂಟಿಸಬಹುದಲ್ಲ ಎಂದು ನಾನು ಹೇಳಿದೆ. ಕಪಾಟಿನ ಇನ್ನೊಂದು ಕೀ ಯಾರ ಹತ್ತಿರ ಉಂಟು ಎಂದೂ ಕೇಳಿದೆ.

"ಅವರ ಹತ್ರವೇ ಉಂಟು ಟೀಚರೆ. ಆದ್ರೆ ಅವರು ಹಾಗೆ ಮಾಡುವವರ ಹಾಗೆ ಕಾಣುದಿಲ್ಲ."

"ಕಾಣುವ ಹಾಗೆ ಯಾರು ಮಾಡ್ತಾರೆ ಸರ್?" ಅಂದೆ.

ಅದೇ ದಿನ ಅವರು ಲೈಬ್ರರಿಯ ಕೀ ವಾಪಸು ಪಡೆದರು. ವಿಚಾರಿಸುವವರೆಗೆ ಕೋಣೆ ಮುಚ್ಚಿರಲಿ ಎಂದರು. ಲೈಬ್ರರಿ ಟೀಚರ್ ಕೀ ಕೊಟ್ಟು, ತನ್ನ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಸ್ಟಾಫ್ ರೂಮಿನ ಮೂಲೆಯ ಕುರ್ಚಿಯಲ್ಲಿ ಬಂದು ಕೂತರು. ಮಧ್ಯಾಹ್ನ ಮಕ್ಕಳು ಬಂದು ಬೀಗ ನೋಡಿ, ಜಗಲಿಯಲ್ಲಿ ಸ್ವಲ್ಪ ಹೊತ್ತು ನಿಂತು ಹೋದರು. ಮರುದಿನವೂ ಬಂದರು. ಮೂರನೆಯ ದಿನ ಬರಲಿಲ್ಲ. ಆ ಹುಡುಗಿ ಶಾಲೆಗೇ ಬರಲಿಲ್ಲ. ತಪ್ಪು ಮಾಡಿದವರು ಹೆದರುವುದು ಸಹಜ ಎಂದು ನಾನು ಅದನ್ನೂ ನನ್ನ ಲೆಕ್ಕಕ್ಕೇ ಸೇರಿಸಿಕೊಂಡೆ.

ಇನ್ನೊಂದು ಟೆಸ್ಟ್ ಕೊಡಿ, ನೋಡುವ ಎಂದರು ಹೆಡ್‌ಮಾಸ್ಟರರು. ಅದಕ್ಕೇ ನಾನೂ ಕಾಯುತ್ತಿದ್ದೆ. ಯಾರ ಕೈಗೂ ಸಿಗಬಾರದೆಂದು ಪ್ರಶ್ನೆಗಳನ್ನು ಕಾಗದಕ್ಕೇ ಇಳಿಸಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಕಟ್ಟಿಕೊಂಡೆ. ಹುಡುಗಿ ಬರಬೇಕೆಂದು ಮನೆಗೆ ಹೇಳಿಕಳಿಸಿದ್ದೆ, ಬಂದಿದ್ದಳು. ಕ್ಲಾಸಿಗೆ ಹೋಗಿ, ಬೆಂಚುಗಳನ್ನು ದೂರ ದೂರ ಸರಿಸಿ, ಐದು ಪ್ರಶ್ನೆಗಳನ್ನು ಬಾಯಲ್ಲಿ ಹೇಳಿ ಬರೆಸಿದೆ. ಲೈಬ್ರರಿ ಟೀಚರ್ ಆ ಹೊತ್ತು ಹೆಡ್‌ಮಾಸ್ಟರರ ಎದುರೇ ಕೂತಿರಬೇಕೆಂದೂ ಮೊದಲೇ ಹೇಳಿಟ್ಟಿದ್ದೆ.

ಒಂದು ಪ್ರಶ್ನೆ, ನಿಮ್ಮ ಬಾವಿಯ ನೀರಿನಲ್ಲಿ ಹುಳಿ ಉಂಟೋ ಇಲ್ಲವೋ ಎಂದು ಮನೆಯಲ್ಲಿರುವ ವಸ್ತುವಿನಿಂದ ಹೇಗೆ ನೋಡುವಿರಿ ಎಂದು. ಹೆಚ್ಚಿನವರು ಅರಸಿನ ಎಂದು ಬರೆದರು. ನನ್ನ ಮೊದಲ ಬೆಂಚಿನ ಜಾಣರೂ ಹಾಗೇ ಬರೆದರು. ಹುಡುಗಿ ಬರೆದದ್ದು ಬೇರೆ. ಅರಸಿನ ಸಾಬೂನಿನಂಥ ಪ್ರತ್ಯಾಮ್ಲಕ್ಕೆ ಮಾತ್ರ ಕೆಂಪಾಗುತ್ತದೆ, ಹುಳಿಗೆ ಬದಲಾಗುವುದಿಲ್ಲ, ಆದ್ದರಿಂದ ದಾಸವಾಳದ ಎಸಳು ಬೇಕು ಎಂದು. ತನ್ನ ಮನೆಯಲ್ಲಿ ದಾಸವಾಳ ಇಲ್ಲ, ಶಾಲೆಯ ಗಿಡದಿಂದ ಕೊಂಡುಹೋಗಬೇಕು ಎಂದೂ ಸೇರಿಸಿದ್ದಳು. ಬ್ಯಾಟರಿಯ ಆಮ್ಲದ ಬಗ್ಗೆ ಕೇಳಿದ್ದಕ್ಕೆ ಒಂದೇ ಸಾಲು ಬರೆದಿದ್ದಳು: "ನನಗೆ ಗೊತ್ತಿಲ್ಲ. ಹುಡುಕಬೇಕು."

ಹತ್ತು ವರ್ಷದಲ್ಲಿ ಉತ್ತರಪತ್ರಿಕೆಯಲ್ಲಿ ಇಂಥ ಸಾಲನ್ನು ನಾನು ಓದಿರಲಿಲ್ಲ. ಗೊತ್ತಿಲ್ಲದಿದ್ದರೆ ಮಕ್ಕಳು ಏನಾದರೊಂದು ತುಂಬಿಸುತ್ತಾರೆ, ಇಲ್ಲವೇ ಖಾಲಿ ಬಿಡುತ್ತಾರೆ. ಆರು ಜನರಲ್ಲಿ ನಾಲ್ವರು ಚೆನ್ನಾಗಿಯೇ ಬರೆದಿದ್ದರು, ಇಬ್ಬರು ತೀರಾ ಹಾಳು ಮಾಡಿದ್ದರು. ನಾನು ಆ ಇಬ್ಬರ ಪತ್ರಿಕೆಯನ್ನೇ ಹಿಡಿದುಕೊಂಡು ಹೆಡ್‌ಮಾಸ್ಟರರ ಕೋಣೆಗೆ ಹೋದೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಅವರು ಪತ್ರಿಕೆಗಳನ್ನು ಪಕ್ಕಕ್ಕಿಟ್ಟು, ಆ ಉದ್ದದ ನೋಟ್‌ಬುಕ್ಕನ್ನು ನನ್ನ ಕಡೆ ಸರಿಸಿದರು. ಟೆಸ್ಟಿನ ಹೊತ್ತಿಗೆ ಅವರು ವಿಚಾರಿಸಿದಾಗ ಲೈಬ್ರರಿ ಟೀಚರ್ ಅದನ್ನು ಅವರ ಮೇಜಿನ ಮೇಲಿಟ್ಟಿದ್ದರಂತೆ. ನಾನು ಅಲ್ಲೇ ನಿಂತು ಓದಿದೆ.

ಒಂದೊಂದು ಮಗುವಿಗೆ ನಾಲ್ಕೈದು ಪುಟ. ಹುಡುಗಿಯ ಪುಟಗಳು ಜೂನಿನಿಂದ ಸುರುವಾಗಿದ್ದವು. ಅಕ್ಷರ ಗೊತ್ತುಂಟು, ಸಾಲು ತಪ್ಪುತ್ತದೆ, ಕೆಳಗೆ ಸ್ಕೇಲ್ ಇಟ್ಟು ಓದಿಸಬೇಕು. ಒತ್ತಕ್ಷರಕ್ಕೆ ಹೆದರುತ್ತಾಳೆ, ಎರಡನೇ ತರಗತಿಯ ಕತೆ ಪುಸ್ತಕ ಕೊಟ್ಟೆ, ಬೇರೆಯವರಿಗೆ ಕಾಣದ ಹಾಗೆ ದೊಡ್ಡ ಪುಸ್ತಕದೊಳಗಿಟ್ಟು ಓದುತ್ತಾಳೆ, ಬಾಗಿಲು ಸ್ವಲ್ಪ ಮುಚ್ಚಿರಬೇಕು. ಇಂದು ಮೂರು ಪುಟ ಒಬ್ಬಳೇ ಓದಿದಳು. ಜುಲೈಯಲ್ಲಿ ಅವಳದ್ದೊಂದು ಪ್ರಶ್ನೆ: ರಬ್ಬರ್ ಹಾಲಿಗೆ ಆಸಿಡ್ ಹಾಕಿದರೆ ಯಾಕೆ ಗಟ್ಟಿಯಾಗುತ್ತದೆ? ಅದರ ಕೆಳಗೆ, ಉತ್ತರ ಹೇಳಲಿಲ್ಲ, ರಬ್ಬರ್ ಕೃಷಿಯ ಕೈಪಿಡಿ, ಪಿಯುಸಿ ರಸಾಯನಶಾಸ್ತ್ರ, ಮಕ್ಕಳ ವಿಶ್ವಕೋಶ ಮೂರನ್ನೂ ಕೊಟ್ಟೆ, ಹನ್ನೊಂದು ದಿನ ತೆಗೆದುಕೊಂಡಳು. ಮತ್ತೊಂದು ಸಾಲು: ಈ ಪ್ರಶ್ನೆ ಸಯನ್ಸ್ ಟೀಚರತ್ರ ಕೇಳು ಎಂದೆ, ಹೆದರಿಕೆಯಾಗುತ್ತದೆ ಎಂದಳು.

ಪುಟ ತಿರುವಿದೆ. ಆರು ಮಕ್ಕಳಲ್ಲಿ ನಾಲ್ವರ ಪುಟಗಳಲ್ಲಿ ಹೆದರಿಕೆಯ ಆ ಮಾತೇ ಇತ್ತು, ಶಬ್ದ ಮಾತ್ರ ಬೇರೆ ಬೇರೆ. ಸಮಿತಿಗೆ ನನ್ನ ಬಗ್ಗೆ ಬರೆದ ವರದಿಯನ್ನು ಹುಡುಕುತ್ತಿದ್ದವಳಿಗೆ ಕೊನೆಗೆ ಸಿಕ್ಕಿದ್ದು ಇದು.

ಹೆಡ್‌ಮಾಸ್ಟರರಲ್ಲಿ ನನ್ನ ದೂರು ತಪ್ಪು ಎಂದು ಹೇಳಿದೆ. ಆಮೇಲೆ ಸ್ಟಾಫ್ ರೂಮಿಗೆ ಹೋಗಿ ಲೈಬ್ರರಿ ಟೀಚರ ಎದುರು ನಿಂತು, ತಪ್ಪಾಯಿತು ಎಂದೆ. ಅವರು ಒಂದು ಹರಿದ ಪುಸ್ತಕದ ಬೆನ್ನಿಗೆ ಕಾಗದ ಅಂಟಿಸುತ್ತಿದ್ದರು.

"ನಿಮಗೆ ಸಂಶಯ ಬಂದದ್ದಕ್ಕೆ ನನಗೆ ಬೇಸರ ಇಲ್ಲ ಟೀಚರೆ. ಕೀ ನನ್ನ ಹತ್ರ ಇದ್ದದ್ದು ಹೌದಲ್ಲ. ಆದ್ರೆ ಮೊದಲು ನನ್ನತ್ರ ಕೇಳಬೇಕಿತ್ತು. ಆ ಹುಡುಗಿಯನ್ನು ಒಬ್ಬಳನ್ನೇ ನಿಲ್ಲಿಸಿ ಕೇಳಿದ್ರಿ. ಬರೆದದ್ದು ಸರಿ ಇದ್ರೂ ಬೈಗುಳ ಸಿಗ್ತದೆ ಅಂತ ಅವಳಿಗೆ ಈಗ ಗೊತ್ತಾಯ್ತು. ಅದನ್ನು ನಾನು ಹೇಗೆ ತೆಗೆಯುದು?"

ಇಷ್ಟು ಹೇಳಿ ಅವರು ಅಂಟಿನ ಡಬ್ಬಿಯ ಮುಚ್ಚಳ ಹಾಕಿದರು.

ಲೈಬ್ರರಿ ಮತ್ತೆ ತೆರೆಯಿತು. ಪ್ರಶ್ನೆಪತ್ರಿಕೆಗಳನ್ನು ಇನ್ನು ನನ್ನ ಕೋಣೆಯಲ್ಲಿ ಇಡಬೇಡಿ ಎಂದು ಲೈಬ್ರರಿ ಟೀಚರೇ ಕೇಳಿಕೊಂಡರು. ಮಕ್ಕಳು ಒಬ್ಬೊಬ್ಬರಾಗಿ ಬಂದರು, ಕೆಲವರು ಬರಲು ತಿಂಗಳು ಹಿಡಿಯಿತು. ಟೆಸ್ಟಿನಲ್ಲಿ ಹಾಳು ಮಾಡಿದ ಇಬ್ಬರಲ್ಲಿ ಒಬ್ಬ ಮತ್ತೆ ಆ ಕಡೆ ತಲೆ ಹಾಕಲೇ ಇಲ್ಲ. ನಾನು ವಾರಕ್ಕೆರಡು ದಿನ ಮಧ್ಯಾಹ್ನ ಅಲ್ಲಿ ಹೋಗಿ ಚಾಪೆಯ ಮೇಲೆ ಕೂರತೊಡಗಿದೆ. ಮೊದಮೊದಲು ನಾನು ಹೋದರೆ ಕೋಣೆಯ ಗುಸುಗುಸು ನಿಂತುಹೋಗುತ್ತಿತ್ತು. ಯಾರನ್ನು ಹಿಡಿಯಲು ಬಂದಿದ್ದಾರೆ ಎಂದು ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಲೈಬ್ರರಿ ಟೀಚರ್ ನನಗೆ ಸುಲಭದ ಕೆಲಸ ಕೊಟ್ಟರು. ಯಾವ ಪ್ರಶ್ನೆಗೆ ಯಾವ ಪುಸ್ತಕದ ಯಾವ ಪುಟ ಎಂದು ಚೀಟಿ ಬರೆಯುವುದು. ಉತ್ತರ ಮಾತ್ರ ಬರೆಯಬಾರದು. ಅದು ನನಗೆ ಸುಲಭವಾಗಲಿಲ್ಲ. ಉತ್ತರ ನಾಲಿಗೆಯ ತುದಿಯಲ್ಲಿಟ್ಟುಕೊಂಡು ಸುಮ್ಮನಿರುವ ಅಭ್ಯಾಸ ನನಗಿರಲಿಲ್ಲ.

ಹುಡುಗಿ ಎಸೆಸೆಲ್ಸಿ ಪಾಸಾದಳು. ವಿಜ್ಞಾನದಲ್ಲಿ ಫಸ್ಟ್ ಕ್ಲಾಸಿನ ಮಾರ್ಕು, ಒಟ್ಟಿನಲ್ಲಿ ಸಾಧಾರಣ. ಪುತ್ತೂರಿನ ಒಂದು ಕಾಲೇಜಿನಲ್ಲಿ ಪಿಯುಸಿಗೆ ಸೇರಿದಳು. ನನ್ನ ಕ್ಲಾಸಿನಲ್ಲಿ ಇದ್ದಷ್ಟು ದಿನ ಅವಳು ನನ್ನಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಕಳೆದ ತಿಂಗಳು ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಿದಳು. ಜೊತೆಗೆ ಅಮ್ಮ ಇದ್ದರು. ಕಾಲೇಜಿನ ಲೈಬ್ರರಿ ಹೇಗುಂಟು ಎಂದು ಕೇಳಿದೆ. ಅಲ್ಲಿ ಪುಸ್ತಕದ ಹೆಸರು ಬರೆದುಕೊಟ್ಟರೆ ಒಳಗಿನಿಂದ ತಂದುಕೊಡ್ತಾರೆ, ಹೆಸರು ಗೊತ್ತಿಲ್ಲದಿದ್ದರೆ ಕಷ್ಟ ಎಂದಳು. ಹಾಗಾಗಿ ಶನಿವಾರ ಮಧ್ಯಾಹ್ನ ಲೈಬ್ರರಿ ಟೀಚರಿಗೆ ಫೋನ್ ಮಾಡಿ ಕೇಳುತ್ತಾಳಂತೆ. ಅಷ್ಟರಲ್ಲಿ ಅಮ್ಮ ತಮಿಳಿನಲ್ಲಿ ಏನೋ ಕೇಳಿದರು, ನಾನು ಯಾರೆಂದು ಇರಬೇಕು. ಹುಡುಗಿ ಎರಡು ವಾಕ್ಯ ಹೇಳಿದಳು. ಅದರಲ್ಲಿ ಟೀಚರ್ ಎಂಬ ಶಬ್ದವೊಂದೇ ನನಗೆ ತಿಳಿದದ್ದು. ಅಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆಮೇಲೆ ಕೈಮುಗಿದರು. ನಾನೂ ಕೈಮುಗಿದೆ. ಅಮ್ಮನಿಗೆ ನೀನು ಏನು ಹೇಳಿದೆ ಎಂದು ಹುಡುಗಿಯನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಕಬಕದ ಕಡೆ ಹೋಗುವ ಬಸ್ಸು ಬಂತು, ಹತ್ತಿದೆ.